ದಟ್ಟ ಬೇಲಿ ಬಿಟ್ಟು ಜಗಲಿ ತೋರಣಕ್ಕೆ ಯಾಕೆ ಗೂಡು? ಸಣ್ಣ ಹಕ್ಕಿಗಳು ಜಾಗ ಹೇಗೆ ಆರಿಸುತ್ತವೆ?

ಬೆಟ್ಟದಂಚು (ಶಿರಸಿ ಕಡೆ) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಹತ್ತಿರ ಅಡಕೆ ತೋಟ. ಮನೆ ಹಿಂದೆ ಸೊಪ್ಪಿನ ಬೆಟ್ಟ, ಅದು ದಾಟಿದರೆ ಕಾಡೇ. ಹಕ್ಕಿ ನೋಡೋದು ಚಿಕ್ಕಂದಿನಿಂದ ಇಷ್ಟ. ಆದರೆ ಗೂಡಿನ ವಿಷಯದಲ್ಲಿ ಈ ವರ್ಷ ಕಂಡದ್ದು ನನಗೆ ಅರ್ಥವಾಗುತ್ತಿಲ್ಲ.

ಯುಗಾದಿಗೆ ಕಟ್ಟಿದ ಮಾವಿನ ತೋರಣವನ್ನು ನಾವು ಬಿಚ್ಚಿರಲಿಲ್ಲ. ಎಲೆ ಒಣಗಿ ಮುರುಟಿ ಜಗಲಿಯ ಮಾಡಿನಿಂದ ನೇತಾಡುತ್ತಿತ್ತು. ಅದರ ದಾರಕ್ಕೆ ಸೂರಕ್ಕಿ (ಸನ್‌ಬರ್ಡ್) ಬಂದು ಗೂಡು ಕಟ್ಟಿತು. ದಿನವಿಡೀ ಜನ ಓಡಾಡುವ ಜಾಗ ಅದು. ನಾಲ್ಕು ಮಾರು ಆಚೆ ಆಳೆತ್ತರದ ದಾಸವಾಳದ ಬೇಲಿ ಇದೆ, ಕೈ ಹಾಕಿದರೆ ಕೈ ಕಾಣದಷ್ಟು ದಟ್ಟ. ಅದನ್ನು ಬಿಟ್ಟು ಇಲ್ಲಿಗೆ ಯಾಕೆ ಬಂತು? ಅದಕ್ಕೂ ಮುಂಚೆ ಇದೇ ಜೋಡಿ ಕರಿಬೇವಿನ ಗಿಡದಲ್ಲಿ ಒಂದು ಗೂಡು ಶುರು ಮಾಡಿ ಅರ್ಧಕ್ಕೇ ಬಿಟ್ಟಿತ್ತು.

ಇನ್ನೊಂದು, ಮೊನ್ನೆ ಮಳೆ ಹಿಡಿದ ಮೇಲೆ ಬೆಟ್ಟಕ್ಕೆ ಸೊಪ್ಪು ಕೊಯ್ಯಲು ಹೋಗಿದ್ದೆ. ಒಂದು ಪೊದೆಯ ಬುಡದಲ್ಲಿ ದರಕಿನ (ಒಣ ಎಲೆಯ) ಉಂಡೆ ಇತ್ತು. ಕಾಲಿನ ಹತ್ತಿರದಿಂದಲೇ ಕಂದು ಬಣ್ಣದ ಹಕ್ಕಿಯೊಂದು ಓಡಿ ಹೋಯಿತು. ಹಾರಲಿಲ್ಲ, ಓಡಿತು. ಎದೆ ಮೇಲೆ ಕಂದು ಗೆರೆಗಳಿದ್ದವು. ಬಗ್ಗಿ ನೋಡಿದರೆ ಉಂಡೆಗೆ ಪಕ್ಕದಲ್ಲಿ ಬಾಗಿಲು, ಒಳಗೆ ಮೊಟ್ಟೆ. ಸುತ್ತ ಇಷ್ಟೊಂದು ಮರ ಇರುವಾಗ ನೆಲದಲ್ಲೇ ಯಾಕೆ ಮೊಟ್ಟೆ ಇಡಬೇಕು?

ಈ ಹಕ್ಕಿಗಳು ಏನು ನೋಡಿ ಜಾಗ ಆರಿಸುತ್ತವೆ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಕಾಡುಸಂಪಿಗೆ (ಮೂಡಿಗೆರೆ ಕಡೆ):

ಬೆಟ್ಟದಂಚು ಅವರೇ, ಎಷ್ಟು ಚೆನ್ನಾಗಿ ನೋಡಿದ್ದೀರಿ! ನಾನು ಕಾಫಿ ತೋಟದಲ್ಲೇ ಹುಟ್ಟಿ ಬೆಳೆದವಳು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಾಗಿನಿಂದ ಮುಂಗಾರು ಜೋರಾಗುವ ತನಕ ನನ್ನ ಕಣ್ಣು ಗೂಡುಗಳ ಮೇಲೇ ಇರುತ್ತದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಗೂಡು ಅಂದರೆ ಹಕ್ಕಿ ವರ್ಷವಿಡೀ ವಾಸ ಮಾಡುವ ಮನೆ ಅಂತ ಬಹಳ ಜನ ತಿಳಿದಿದ್ದಾರೆ. ನಿಮ್ಮ ಸೂರಕ್ಕಿಗೆ ಅದು ಬೇಕಾಗುವುದು ಐದಾರು ವಾರಕ್ಕೆ. ಕಟ್ಟುವುದಕ್ಕೆ ಒಂದಷ್ಟು ದಿನ, ಕಾವು ಕೊಡುವುದಕ್ಕೆ ಹದಿನೈದು ದಿನದಷ್ಟು, ಮರಿ ಹಾರುವುದಕ್ಕೆ ಇನ್ನೂ ಎರಡೂವರೆ ವಾರ. ಅಷ್ಟು ದಿನ ಮೊಟ್ಟೆ ಮರಿ ಕಳ್ಳರ ಕಣ್ಣಿಗೆ ಬೀಳಬಾರದು. ಜಾಗ ಆರಿಸುವಾಗ ಹಕ್ಕಿಯ ಮುಂದಿರುವ ದೊಡ್ಡ ಚಿಂತೆ ಇದೇ. ಮಳೆ, ಬಿಸಿಲು, ಗಾಳಿಯ ಲೆಕ್ಕವೂ ಇದೆ. ಆದರೆ ನಮ್ಮ ಕಾಡಿನಲ್ಲಿ ಗೂಡು ಹಾಳಾಗುವುದು ಮಳೆಗಿಂತ ಜಾಸ್ತಿ ಕಳ್ಳರಿಂದ.

ಕಳ್ಳರು ಅಂದರೆ ಯಾರು? ಕೆಂಬೂತ. ಇದರಷ್ಟು ತಾಳ್ಮೆಯಿಂದ ಪೊದೆ ಜಾಲಾಡುವ ಹಕ್ಕಿ ಇನ್ನೊಂದಿಲ್ಲ. ಮಟಪಕ್ಷಿ, ಕಾಗೆ. ಕೇರೆಹಾವು, ಹಸಿರುಹಾವು. ಅಳಿಲು, ಇಲಿ, ಮಂಗ, ಓತಿಕ್ಯಾತ. ಮನೆ ಹತ್ತಿರ ಬಂದರೆ ಬೆಕ್ಕು. ಒಬ್ಬೊಬ್ಬರು ಬರುವ ದಾರಿ ಬೇರೆ, ಹುಡುಕುವ ರೀತಿ ಬೇರೆ. ಕಾಗೆ ಮೇಲಿನಿಂದ ಕಣ್ಣಲ್ಲಿ ನೋಡಿ ಬರುತ್ತದೆ. ಹಾವು ಕೊಂಬೆ ಹಿಡಿದು ಬರುತ್ತದೆ. ಇಲಿ ರಾತ್ರಿ ವಾಸನೆ ಹಿಡಿದು ಬರುತ್ತದೆ. ಇವರೆಲ್ಲರಿಂದಲೂ ತಪ್ಪಿಸಿಕೊಳ್ಳುವ ಜಾಗ ಕಾಡಿನಲ್ಲಿ ಎಲ್ಲೂ ಇಲ್ಲ. ಹಾಗಾಗಿ ಒಂದೊಂದು ಜಾತಿ ಒಂದೊಂದು ಉಪಾಯಕ್ಕೆ ಕಟ್ಟುಬಿದ್ದಿದೆ.

ಈಗ ನಿಮ್ಮ ದಾಸವಾಳದ ಬೇಲಿ. ನಮ್ಮ ಕಣ್ಣಿಗೆ ಅದು ಭದ್ರ. ಕೆಂಬೂತ ದಿನಾ ನುಸುಳುವುದು ಅದರೊಳಗೇ. ಹಸಿರುಹಾವು ಮಲಗುವುದೂ ಅಲ್ಲೇ. ಜೊತೆಗೆ ತೀರಾ ದಟ್ಟ ಜಾಗದಲ್ಲಿ ಕೂತ ಹಕ್ಕಿಗೆ ಹೊರಗೆ ಏನು ಬರುತ್ತಿದೆ ಅಂತ ಕಾಣುವುದಿಲ್ಲ, ಓಡಿ ಹೋಗಲು ದಾರಿಯೂ ಇರುವುದಿಲ್ಲ. ತಾನು ಕಾಣಬಾರದು, ತನಗೆ ಕಾಣಬೇಕು. ಪೊದೆಯಲ್ಲಿ ಕಟ್ಟುವ ಪಿಕಳಾರ ಕೂಡ ನಟ್ಟನಡುವೆ ಕಟ್ಟುವುದಕ್ಕಿಂತ ಅಂಚಿನ ಹತ್ತಿರ, ಒಂದು ಕಡೆ ಸ್ವಲ್ಪ ತೆರಪು ಇರುವಲ್ಲಿ ಕಟ್ಟುವುದನ್ನೇ ನಾನು ಹೆಚ್ಚು ನೋಡಿದ್ದೇನೆ.

ಸೂರಕ್ಕಿಯ ಉಪಾಯ ಬೇರೆ. ಅದಕ್ಕೆ ತೂಗಾಡುವ ತೆಳು ತುದಿ ಬೇಕು. ಕಾಡಿನಲ್ಲಾದರೆ ಬಳ್ಳಿಯ ತುದಿ, ಇಳಿಬಿದ್ದ ಕಡ್ಡಿ. ಅಳಿಲು, ಹಾವು ಅಲ್ಲಿ ತನಕ ಬಂದರೆ ಕಡ್ಡಿ ಬಾಗುತ್ತದೆ, ಗೂಡು ಅಲುಗಾಡುತ್ತದೆ, ಒಳಗಿದ್ದ ಹಕ್ಕಿಗೆ ಸುದ್ದಿ ಮುಟ್ಟುತ್ತದೆ. ನಿಮ್ಮ ತೋರಣದ ದಾರ ಅದಕ್ಕೆ ಅಂಥದ್ದೇ ಒಂದು ಬಳ್ಳಿ. ಮೇಲೆ ಮಾಡು ಇದೆ, ಮಳೆ ಬೀಳುವುದಿಲ್ಲ. ಜನ ಓಡಾಡುವುದರಿಂದ ಕಾಗೆ, ಕೆಂಬೂತ ಹತ್ತಿರ ಸುಳಿಯಲು ಹಿಂಜರಿಯುತ್ತವೆ. ನಿಮ್ಮಿಂದ ಕೆಡುಕಿಲ್ಲ ಅಂತ ಕಂಡಿದ್ದಕ್ಕೇ ಅದು ಬಂದಿದೆ. ನನಗಂತೂ ಇದು ಓದಿ ಖುಷಿಯಾಯಿತು.

ಅದು ಕಟ್ಟುವಾಗ ನೋಡಿದ್ದೀರಾ? ನಮ್ಮ ಮನೆಯಲ್ಲಿ ಒಂದು ವರ್ಷ ಅಡುಗೆಮನೆ ಕಿಟಕಿಯ ಆಚೆ, ನೇತುಹಾಕಿದ್ದ ಕುಂಡದ ತಂತಿಗೆ ಕಟ್ಟಿತ್ತು. ಕೈಗೆಟುಕುವ ದೂರ, ನಡುವೆ ಗಾಜು. ಕಟ್ಟುವುದು ಹೆಚ್ಚಾಗಿ ಹೆಣ್ಣೇ. ಮೊದಲು ಜೇಡರ ಬಲೆ ತರುತ್ತದೆ. ಕೊಕ್ಕಿನ ತುಂಬ ಸುತ್ತಿಕೊಂಡು ಬಂದು ತಂತಿಗೆ ಒರೆಸಿ ಒರೆಸಿ ಅಂಟಿಸುತ್ತದೆ, ಆಮೇಲೆ ಕುತ್ತಿಗೆ ತಿರುಗಿಸಿ ಸುತ್ತುತ್ತದೆ. ಅದಕ್ಕೆ ಸಣ್ಣ ನಾರು, ಒಣಹುಲ್ಲು ಸಿಕ್ಕಿಸುತ್ತದೆ. ಮತ್ತೆ ಬಲೆ, ಮತ್ತೆ ನಾರು. ಕೆಲವು ದಿನ ಸುಮ್ನೆ ಕಸದ ಗೊಂಚಲು ನೇತಾಡಿದ ಹಾಗೆ ಕಾಣುತ್ತದೆ. ಆಮೇಲೆ ಹಕ್ಕಿ ಅದರೊಳಗೆ ತಲೆ ತೂರಿಸಿ, ಎದೆ ಒತ್ತಿ, ರೆಕ್ಕೆ ಬಿಚ್ಚಿ ಗುದ್ದಾಡುತ್ತದೆ. ಒಳಗೇ ಗಿರಗಿರ ತಿರುಗುತ್ತದೆ. ಗೋಡೆ ಹೊರಗೆ ಉಬ್ಬುತ್ತದೆ. ಗೂಡಿನ ಹೊಟ್ಟೆ ಅದರ ಎದೆಯ ಅಳತೆಗೇ ಆಗುತ್ತದೆ, ಬೇರೆ ಅಳತೆ ಬೇಕಾಗಿಲ್ಲ. ಬಾಗಿಲು ಪಕ್ಕಕ್ಕೆ, ಅದರ ಮೇಲೆ ಸಣ್ಣ ಸೂರು. ಒಳಗೆ ಹಾಸಲು ಎಕ್ಕದ ಅರಳೆ, ಬೂರುಗದ ಅರಳೆ. ನೀವೂ ಹತ್ತಿರ ಎಕ್ಕದ ಕಾಯಿ ಒಡೆದಿದೆಯಾ ಅಂತ ನೋಡಿ, ಅಲ್ಲಿಂದಲೇ ತಂದಿರುತ್ತದೆ.

ಕೊನೆಗೆ ಹೊರಗಿನ ಅಲಂಕಾರ. ಕಲ್ಲುಹೂವಿನ ಚೂರು, ಮರದ ತೊಗಟೆ ಪುಡಿ, ಕಂಬಳಿಹುಳದ ಹಿಕ್ಕೆ, ಒಣ ಹೂವಿನ ಎಸಳು, ಎಲ್ಲಾ ಅಂಟಿಸುತ್ತದೆ. ಚಂದಕ್ಕಲ್ಲ. ಜೇಡರ ಬಲೆಗೆ ಸಿಕ್ಕಿ ನೇತಾಡುವ ಕಸ ಅಂತ ಕಾಗೆ ದಾಟಿ ಹೋಗಬೇಕು. ಲೋಟನ್ ಸೂರಕ್ಕಿ ಅಂತ ಇನ್ನೊಂದು ಇದೆ, ಕೊಕ್ಕು ಉದ್ದ. ಅದು ಕೆಲವೊಮ್ಮೆ ಗುಂಪಾಗಿ ಬದುಕುವ ಜೇಡಗಳ ದೊಡ್ಡ ಬಲೆಯ ಮುದ್ದೆಯೊಳಗೇ ಮೈ ತೂರಿಸಿ ಪೊಟರೆ ಮಾಡಿಕೊಂಡುಬಿಡುತ್ತದೆ. ಅರ್ಧ ಕೆಲಸ ಜೇಡವೇ ಮಾಡಿಟ್ಟಿರುತ್ತದೆ!

ಜೇಡರ ಬಲೆಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ನಮ್ಮ ಕಾಡಿನ ಸಣ್ಣ ಹಕ್ಕಿಗಳಲ್ಲಿ ಎಷ್ಟೋ ಜಾತಿಗೆ ಇದಿಲ್ಲದೆ ಗೂಡೇ ಇಲ್ಲ. ಬೆಳ್ಗಣ್ಣ ಎರಡು ಕವಲಿನ ನಡುವೆ ಸಣ್ಣ ಬಟ್ಟಲು ಕಟ್ಟಿ ತೂಗುಹಾಕುವುದು ಬಲೆಯಿಂದ. ಅಲ್ಲಿ ಗಂಡು ಹೆಣ್ಣು ಎರಡೂ ಕೆಲಸ ಮಾಡುತ್ತವೆ. ಬೀಸಣಿಗೆ ನೊಣಹಿಡುಕ ತೆಳು ಕಡ್ಡಿ ಮೇಲೆ ಬಟ್ಟಲು ಕೂರಿಸಿ, ಹೊರಗೆಲ್ಲ ಬಲೆ ಬಳಿದು ನುಣ್ಣಗೆ ಮಾಡಿ, ಕೆಳಗೆ ಒಂದಷ್ಟು ನಾರು ಇಳಿಬಿಡುತ್ತದೆ. ಗೂಡಿನ ಆಕಾರವೇ ಕಣ್ಣಿಗೆ ಹತ್ತದ ಹಾಗೆ ಆಗುತ್ತದೆ. ಬಲೆ ಅಂಟುತ್ತದೆ, ಹಗುರ ಇರುತ್ತದೆ, ಎಳೆದರೆ ಹಿಗ್ಗುತ್ತದೆ. ಮರಿ ಬೆಳೆದ ಹಾಗೆ ಗೂಡೂ ಹಿಗ್ಗಿಕೊಡುತ್ತದೆ. ತೋಟಕ್ಕೆ ಹುಳದ ಔಷಧಿ ಜಾಸ್ತಿ ಹೊಡೆದು ಜೇಡ ಇಲ್ಲವಾದರೆ ಮರಿಗೆ ತಿನ್ನಲು ಹುಳವೂ ಇಲ್ಲ, ಕಟ್ಟಲು ಗಾರೆಯೂ ಇಲ್ಲ. ನಾನು ತೋಟದಲ್ಲಿ ಬಹಳ ಹಟ ಹಿಡಿದು ಹೇಳುವ ಮಾತು ಇದು.

ಕರಿಬೇವಿನ ಗೂಡು ಅರ್ಧಕ್ಕೆ ಬಿಟ್ಟದ್ದರ ಬಗ್ಗೆ. ಕಟ್ಟುವ ಹಂತದಲ್ಲಿ ಹಕ್ಕಿಗಳು ಬಹಳ ಅಳುಕುತ್ತವೆ. ಒಂದು ಕೆಂಬೂತ ಬಂದು ಇಣುಕಿದರೆ ಸಾಕು, ಅಥವಾ ದಿನಾ ಯಾರಾದರೂ ಒಗ್ಗರಣೆಗೆ ಅಂತ ಆ ಗಿಡ ಅಲುಗಾಡಿಸಿದರೆ ಸಾಕು, ಬಿಟ್ಟು ಹೋಗುತ್ತವೆ. ಆಗ ಬಿಟ್ಟರೆ ನಷ್ಟ ಕಡಿಮೆ, ಅಲ್ವಾ. ಮೊಟ್ಟೆ ಇಟ್ಟ ಮೇಲೆ ಅಷ್ಟು ಬೇಗ ಬಿಡುವುದಿಲ್ಲ, ಮರಿ ಆದ ಮೇಲೆ ಪ್ರಾಣ ಪಣಕ್ಕಿಟ್ಟು ನಿಲ್ಲುತ್ತವೆ. ಇನ್ನೊಂದು, ಬಿಟ್ಟ ಗೂಡನ್ನು ಚೆನ್ನಾಗಿ ನೋಡಿ. ದಿನದಿಂದ ದಿನಕ್ಕೆ ಸಣ್ಣದಾಗಿದ್ದರೆ ನಾರು ಬಲೆ ಎಲ್ಲಾ ಬಿಚ್ಚಿ ಹೊಸ ಗೂಡಿಗೆ ಸಾಗಿಸಿದೆ ಅಂತ ಅರ್ಥ.

ನೆಲದ ಗೂಡಿನದ್ದು ನನಗೆ ಬಹಳ ಪ್ರೀತಿಯ ಹಕ್ಕಿ. ನೀವು ಹೇಳಿದ ಗುರುತು ನೋಡಿದರೆ ಚುಕ್ಕೆ ಹರಟೆಮಲ್ಲ. ಬೆಳಗ್ಗೆ ಪೊದೆಯೊಳಗಿಂದ ಇಳಿಯುವ ದನಿಯಲ್ಲಿ ಸಿಳ್ಳೆ ಹಾಕುತ್ತಲೇ ಇರುತ್ತದಲ್ಲ, ಅದೇ. ಅದು ಹೊಟ್ಟೆ ಹೊರೆಯುವುದೇ ತರಗೆಲೆ ಕೆದಕಿ. ಗೂಡಿಗೂ ಅದೇ ತರಗೆಲೆ. ಸಾವಿರಾರು ಒಣ ಎಲೆಗಳ ನಡುವೆ ಇನ್ನೊಂದು ಒಣ ಎಲೆಯ ಗುಡ್ಡೆ, ಯಾರಿಗೆ ಗೊತ್ತಾಗಬೇಕು? ಮೇಲೆ ಮುಚ್ಚಿಗೆ ಇರುವುದರಿಂದ ಕಾಗೆಗೆ ಮೊಟ್ಟೆ ಕಾಣುವುದಿಲ್ಲ, ಮಳೆ ನೀರೂ ಜಾರಿ ಹೋಗುತ್ತದೆ. ಇಳಿಜಾರಿನಲ್ಲಿ ಕಟ್ಟಿದರೆ ಬಾಗಿಲನ್ನು ಇಳಿಜಾರಿನ ಕಡೆಗೇ ಇಡುತ್ತದೆ. ಮೇಲಿಂದ ಹರಿದ ನೀರು ಒಳಗೆ ನುಗ್ಗುವುದಿಲ್ಲ, ಕೆಳಗಿಂದ ಬರುವವರು ಹಕ್ಕಿಗೆ ಮೊದಲೇ ಕಾಣುತ್ತಾರೆ. ಹಾರದೆ ಓಡಿದ್ದು ಯಾಕೆ ಅಂದರೆ, ಬುರ್ರನೆ ಹಾರಿದರೆ ಎದ್ದ ಜಾಗ ಎಲ್ಲರಿಗೂ ಗೊತ್ತಾಗುತ್ತದೆ. ನೆಲದಲ್ಲಿ ನುಸುಳಿ ದೂರ ಹೋಗಿ ಎದ್ದರೆ ಗೂಡು ಎಲ್ಲಿದೆ ಅಂತ ಯಾರಿಗೂ ತಿಳಿಯುವುದಿಲ್ಲ.

ಆ ಪೊದೆಯ ಸುತ್ತ ಈ ಸಲ ಸೊಪ್ಪು ಕೊಯ್ಯಬೇಡಿ, ದಯವಿಟ್ಟು. ನೋಡಲು ಕೂಡ ಮತ್ತೆ ಮತ್ತೆ ಹೋಗಬೇಡಿ. ನಾವು ತುಳಿದ ದಾರಿ ಹಿಡಿದೇ ಬೆಕ್ಕು, ಮುಂಗುಸಿ ಬರುತ್ತವೆ.

ಕುಂಡದ ತೋಟ (ಬೆಂಗಳೂರು):

ಅಕ್ಕಾ, ಓದುತ್ತಾ ಓದುತ್ತಾ ನಮ್ಮ ಬಾಲ್ಕನಿಯೇ ಕಣ್ಣ ಮುಂದೆ ಬಂತು. ನಮ್ಮಲ್ಲಿ ಬಂದದ್ದು ಸಿಂಪಿಗ. ಕಾಡಿನ ಹಕ್ಕಿ ಅಂತ ಹೇಳಲಾಗದು, ಆದರೆ ಕಾಡಂಚಿನಲ್ಲೂ ಇರುತ್ತದೆ, ನಮ್ಮ ಮೂರನೇ ಮಹಡಿಗೂ ಬರುತ್ತದೆ.

ಕುಂಡದ ಬದನೆ ಗಿಡದಲ್ಲಿ ಎಲೆ ಹೊಲಿದು ಗೂಡು ಮಾಡಿತು. ನಾನು ಬಟ್ಟೆ ಹೊಲಿಯುವವಳು, ಹಾಗಾಗಿ ಹತ್ತಿರದಿಂದ ನೋಡುವ ಆಸೆ. ನಾವು ಹೊಲಿಯುವ ಹಾಗೆ ಒಂದೇ ದಾರ ಉದ್ದಕ್ಕೆ ಓಡುವುದಿಲ್ಲ. ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ಸಣ್ಣ ತೂತು ಮಾಡುತ್ತದೆ. ಅರಳೆಯ ಅಥವಾ ಜೇಡರ ಬಲೆಯ ಎಳೆ ತೂರಿಸಿ ಎಳೆಯುತ್ತದೆ. ಎಳೆಯ ತುದಿ ಆಚೆ ಕಡೆ ಅರಳಿ ಗಂಟಿನ ಹಾಗೆ ನಿಲ್ಲುತ್ತದೆ. ಮತ್ತೆ ಬೇರೆ ತೂತು, ಬೇರೆ ಎಳೆ. ಒಂದೊಂದೂ ಬಿಡಿ ಹೊಲಿಗೆ, ತಗಡಿಗೆ ರಿವೆಟ್ ಹೊಡೆದ ಹಾಗೆ. ತೂತು ಎಷ್ಟು ಸಣ್ಣದು ಅಂದರೆ ಎಲೆ ಒಣಗುವುದೇ ಇಲ್ಲ, ಹಸಿರಾಗೇ ಇರುತ್ತದೆ. ಎಲೆಯ ಮೇಲ್ಮೈ ಹೊರಗೇ ಇರುವುದರಿಂದ ಗಿಡದಲ್ಲಿ ಇನ್ನೊಂದು ಮಡಚಿದ ಎಲೆ ಅಷ್ಟೇ. ನಿಜವಾದ ಗೂಡು ಆ ಎಲೆ ಚೀಲದ ಒಳಗಿನ ಅರಳೆಯ ಬಟ್ಟಲು. ಹೊಲಿದದ್ದು ಹೆಣ್ಣು. ಗಂಡು ಪಕ್ಕದ ಗ್ರಿಲ್ ಮೇಲೆ ಕೂತು ಕೂಗುತ್ತಿತ್ತು.

ಜಾಗ ಆರಿಸಿದ್ದರಲ್ಲಿ ನನಗೆ ಕಂಡದ್ದು ಇಷ್ಟು. ದೊಡ್ಡ ಎಲೆ ಬೇಕು, ಎಲೆ ಮೆತ್ತಗಿರಬೇಕು, ಹರಿಯಬಾರದು. ಪಕ್ಕದ ಕುಂಡದ ಗುಲಾಬಿ, ತುಳಸಿ ಕಡೆ ತಿರುಗಿಯೂ ನೋಡಲಿಲ್ಲ. ಹಳೇ ದಿಂಬಿನಿಂದ ಅರಳೆ ಕಿತ್ತುಕೊಂಡು ಹೋಗುತ್ತಿತ್ತು. ಇನ್ನಷ್ಟು ಸಿಗಲಿ ಅಂತ ದಾರದ ತುಂಡು, ಉಲ್ಲನ್ ಎಳೆ ಇಡಬಹುದಾ ಅಕ್ಕಾ? ನನ್ನ ಹತ್ತಿರ ರಾಶಿ ಇದೆ.

ಇನ್ನೊಂದು ಅನುಮಾನ. ಹೋದ ಮಳೆಗಾಲದಲ್ಲಿ ಕೆಳಗಿನ ಪಾರ್ಕಿನಲ್ಲಿ ಸಿಂಪಿಗ ತನಗಿಂತ ಎಷ್ಟೋ ಪಟ್ಟು ದೊಡ್ಡ ಮರಿಗೆ ಹುಳ ತಿನ್ನಿಸುತ್ತಿತ್ತು. ಅದು ಅದರ ಮರಿಯೇನಾ?

ಕಾಡುಸಂಪಿಗೆ:

ದಾರ, ಉಲ್ಲನ್, ಕೂದಲು ಬೇಡವೇ ಬೇಡಮ್ಮ. ಉದ್ದ ಎಳೆ ಮರಿಯ ಕಾಲಿಗೆ ಸುತ್ತಿಕೊಳ್ಳುತ್ತದೆ. ಮರಿ ಬೆಳೆದ ಹಾಗೆ ಬಿಗಿಯಾಗಿ ಕಾಲೇ ಹೋಗುತ್ತದೆ, ಇಲ್ಲವೇ ಹಾರುವ ದಿನ ಗೂಡಿಗೇ ನೇತುಬೀಳುತ್ತದೆ. ಅರಳೆ ಬೇಕಾದರೆ ಅದೇ ಹುಡುಕಿಕೊಳ್ಳುತ್ತದೆ. ನೀವು ಕುಂಡದಲ್ಲಿ ದೊಡ್ಡ ಎಲೆಯ ಗಿಡ ಇಟ್ಟಿದ್ದೀರಲ್ಲ, ಅದೇ ದೊಡ್ಡ ಉಪಕಾರ.

ಆ ದೊಡ್ಡ ಮರಿ ಕೋಗಿಲೆ ಬಳಗದ್ದು. ಬೂದುಹೊಟ್ಟೆ ಕೋಗಿಲೆ ಅಂತ ಇದೆ. ಮಳೆಗಾಲದಲ್ಲಿ ಸಿಂಪಿಗ, ಉಲಿಯಕ್ಕಿಗಳ ಗೂಡು ಹುಡುಕಿ ಮೊಟ್ಟೆ ಇಟ್ಟು ಹೋಗುತ್ತದೆ. ಕಾಡಿನಲ್ಲಿ ಸಣ್ಣ ಹಕ್ಕಿಗಳು ಗೂಡಿಗೆ ನೇರ ಹೋಗದೆ ಅಲ್ಲಿ ಕೂತು ಇಲ್ಲಿ ಕೂತು ಸುತ್ತಿ ಬಳಸಿ ಹೋಗುವುದು ನೋಡಿರುತ್ತೀರಿ. ಮರೆಯಲ್ಲಿ ಕೂತು ನೋಡುತ್ತಿರುವ ಕೋಗಿಲೆಗೆ ದಾರಿ ಸಿಗಬಾರದು ಅನ್ನುವುದೂ ಅದಕ್ಕೆ ಒಂದು ಕಾರಣ ಅಂತ ನನ್ನ ಅಭಿಪ್ರಾಯ.

ಅಬ್ಬಿಹಳ್ಳ (ಆಗುಂಬೆ ಕಡೆ):

ಚರ್ಚೆ ಚೆನ್ನಾಗಿದೆ ಮಾರಾಯ್ರೆ. ನಮ್ಮ ಊರಿನದ್ದೂ ಸ್ವಲ್ಪ ಸೇರಿಸ್ತೇನೆ. ಇಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಎಷ್ಟೋ ಹಕ್ಕಿ ಮಳೆಗೆ ಮುಂಚೆ ಮರಿ ಮುಗಿಸಿಕೊಳ್ಳಲು ನೋಡಿದರೆ ಸಿಳ್ಳಾರ ಜಡಿಮಳೆಯಲ್ಲೇ ಕಟ್ಟುತ್ತದೆ. ಜುಲೈ ತಿಂಗಳ ಬೆಳಗ್ಗೆ ನಾಲ್ಕೂವರೆ ಐದಕ್ಕೆ, ಇನ್ನೂ ಕತ್ತಲಿರುವಾಗಲೇ ಹಳ್ಳದ ಕಡೆಯಿಂದ ಅದರ ಸಿಳ್ಳೆ. ನಮ್ಮೂರಲ್ಲಿ ಅದು ಕೇಳದೆ ಬೆಳಗಾಗುವುದೇ ಇಲ್ಲ.

ಗೂಡು ನೀರಿಗೆ ತಾಗಿಯೇ ಇರುತ್ತದೆ. ಅಬ್ಬಿಯ (ಜಲಪಾತದ) ಪಕ್ಕದ ಬಂಡೆಯ ಸಂದು, ಸಂಕದ (ಕಾಲುಸೇತುವೆಯ) ಕೆಳಗಿನ ಕಲ್ಲಿನ ಚಾಚು. ಹಸಿ ಹಾವಸೆ, ಬೇರು, ಕೆಸರು ಸೇರಿಸಿ ದಪ್ಪ ಬಟ್ಟಲು ಕಟ್ಟುತ್ತದೆ. ಸುತ್ತ ಬಂಡೆಗೆಲ್ಲ ಅದೇ ಹಾವಸೆ ಇರುವುದರಿಂದ ಗೂಡು ಯಾವುದು ಬಂಡೆ ಯಾವುದು ತಿಳಿಯೋದಿಲ್ಲ. ನೀರು ಧುಮುಕುವ ನೆಟ್ಟಗಿನ ಬಂಡೆಗೆ ಇಲಿ, ಹಾವು ಹತ್ತೋದು ಕಷ್ಟ. ಮರಿಗಳು ಎಷ್ಟು ಕಿರುಚಿದರೂ ಅಬ್ಬಿಯ ಸದ್ದಿನಲ್ಲಿ ಕೇಳುವುದಿಲ್ಲ.

ಮಳೆಗಾಲ ಯಾಕೆ ಅಂದರೆ, ಅದರ ಊಟ ನೋಡಿ. ಎರೆಹುಳ, ಸಣ್ಣ ಏಡಿ, ಕಪ್ಪೆ, ಹುಳ. ಬೇಸಿಗೆಯಲ್ಲಿ ಇವೆಲ್ಲಾ ಎಲ್ಲಿ ಸಿಗಬೇಕು? ಸೂರಕ್ಕಿಯಂಥ ಹಕ್ಕಿಗೆ ಜಡಿಮಳೆ ಕಷ್ಟ, ಇದಕ್ಕೆ ಅದೇ ಸುಗ್ಗಿ. ಹಾಗಾಗಿ ಜಾಗ ಮಾತ್ರ ಅಲ್ಲ, ಕಾಲ ಆರಿಸುವುದೂ ಗೂಡಿನ ಲೆಕ್ಕದಲ್ಲೇ ಬರುತ್ತದೆ.

ಮನೆಯ ಹತ್ತಿರವೂ ಕಟ್ಟುತ್ತದೆ. ನಮ್ಮ ಹಳೇ ಕೊಟ್ಟಿಗೆಯ ತೊಲೆ ಮೇಲೆ ಇತ್ತು. ದನ ಕಟ್ಟುವುದು, ಹಾಲು ಕರೆಯುವುದು ಎಲ್ಲಾ ಕೆಳಗೇ ನಡೆಯುತ್ತಿತ್ತು, ಅದರ ಪಾಡಿಗೆ ಅದು ಕೂತಿರುತ್ತಿತ್ತು. ಅಪ್ಪ ಆ ಕಡೆ ತೊಲೆಗೆ ಹುಲ್ಲು ತುರುಕಬೇಡಿ ಅಂತ ಆಳುಗಳಿಗೆ ಹೇಳಿಟ್ಟಿದ್ದರು.

ಕಾಡುಸಂಪಿಗೆ ಅವರು ಕಳ್ಳರ ಪಟ್ಟಿ ಕೊಟ್ಟರು. ಪೊಲೀಸರ ಮಾತೂ ಬರಲಿ ಅಂತ ಇದು ಬರೀತಿದ್ದೇನೆ. ಕಾಜಾಣಗಳು ಗೂಡು ಕಟ್ಟಿದಾಗ ಕಾಗೆ, ಗಿಡುಗ ಯಾವುದನ್ನೂ ಆ ಮರದ ಹತ್ತಿರ ಬಿಡುವುದಿಲ್ಲ. ರಾಜಹಕ್ಕಿ ಎಷ್ಟೋ ಸಲ ಅಂಥ ಕಾಜಾಣದ ಗೂಡಿನ ಆಸುಪಾಸಿನಲ್ಲೇ ತನ್ನ ಬಟ್ಟಲು ಕಟ್ಟುತ್ತದೆ. ಕಾವಲು ಪುಕ್ಕಟೆ. ಉದ್ದ ಬಿಳಿ ಬಾಲದ ಗಂಡು ರಾಜಹಕ್ಕಿ ಕೂಡ ಕಾವಿಗೆ ಕೂರುತ್ತದೆ, ಬಾಲ ಗೂಡಿನಿಂದ ಹೊರಗೆ ಇಳಿಬಿದ್ದಿರುತ್ತದೆ. ಅಷ್ಟು ಎದ್ದು ಕಾಣುವ ಹಕ್ಕಿಗೆ ಕಾವಲುಗಾರರು ಬೇಕೇ ಬೇಕು.

ಬೆಟ್ಟದಂಚು:

ಎಲ್ಲರಿಗೂ ತುಂಬಾ ಧನ್ಯವಾದ. ಕರಿಬೇವಿನ ಗೂಡು ಹೋಗಿ ನೋಡಿದೆ. ಅಕ್ಕ ಹೇಳಿದ ಹಾಗೇ ಅರ್ಧಕ್ಕರ್ಧ ಖಾಲಿ, ನಾಲ್ಕು ನಾರು ಉಳಿದಿವೆ. ಹತ್ತಿರದಲ್ಲೇ ಬೇಲಿ ಸಾಲಿನಲ್ಲಿ ಎಕ್ಕದ ಗಿಡವೂ ಇದೆ, ಕಾಯಿ ಒಡೆದಿವೆ.

ಇನ್ನು ಕೆಲವು ಕೇಳಬೇಕು. ಗೂಡು ಮುಟ್ಟಿದರೆ ನಮ್ಮ ವಾಸನೆಗೆ ತಾಯಿ ಮರಿ ಬಿಟ್ಟು ಹೋಗುತ್ತದೆ ಅಂತಾರೆ, ನಿಜವಾ? ತೋಟಕ್ಕೆ ಅಡಕೆಯ ಕೊಳೆರೋಗದ ಔಷಧಿ ಹೊಡೆಸುವ ಸಮಯ ಬಂದಿದೆ, ಒಂದು ಅಡಕೆ ಮರದ ಪಕ್ಕದ ಮೆಣಸಿನ ಬಳ್ಳಿಯಲ್ಲಿ ಪಿಕಳಾರದ ಗೂಡಿದೆ. ಮರಿ ಹಾರಿದ ಮೇಲೆ ಹಳೇ ಗೂಡು ತೆಗೆದು ಮಕ್ಕಳ ಶಾಲೆಗೆ ಕೊಡಬಹುದಾ? ಬೆಟ್ಟದ ಅಂಚಿನಲ್ಲಿ ಒಂದು ಮತ್ತಿ ಮರ ನಿಂತಲ್ಲೇ ಒಣಗಿದೆ, ಸೌದೆಗೆ ಕಡಿಸೋಣ ಅಂತ ಮನೆಯಲ್ಲಿ ಮಾತು. ಅದರಲ್ಲಿ ತೂತುಗಳಿವೆ.

ಕಾಡುಸಂಪಿಗೆ:

ವಾಸನೆ ಮಾತು ನಿಜವಲ್ಲ. ಕೆಳಗೆ ಬಿದ್ದ ಮರಿಯನ್ನು ಎತ್ತಿ ಗೂಡಿಗೆ ಇಟ್ಟರೆ ತಾಯಿ ಸಾಕುತ್ತದೆ. ಆದರೆ ಮುಟ್ಟುವುದು, ಪದೇ ಪದೇ ಇಣುಕುವುದು, ಎಲೆ ಸರಿಸಿ ಫೋಟೋ ತೆಗೆಯುವುದು ಬೇರೆ ರೀತಿಯಲ್ಲಿ ಕೊಲ್ಲುತ್ತದೆ. ಸರಿಸಿದ ಎಲೆ ಕಾಗೆಗೆ ಬಾಗಿಲು ತೆಗೆದುಕೊಟ್ಟ ಹಾಗೆ. ತಾಯಿ ಎದ್ದು ಹೋದಷ್ಟು ಹೊತ್ತು ಮೊಟ್ಟೆ ತಣ್ಣಗಾಗುತ್ತದೆ. ಮರಿಗಳು ಹಾರುವ ವಯಸ್ಸಿಗೆ ಬಂದಿದ್ದರೆ ಗಾಬರಿಯಾಗಿ ಮುಂಚೆಯೇ ಧುಮುಕುತ್ತವೆ. ಇದನ್ನು ಓದುತ್ತಿರುವ ಫೋಟೋ ಹುಚ್ಚಿನವರಿಗೂ ಕೈ ಮುಗಿದು ಹೇಳುತ್ತೇನೆ, ಗೂಡಿನ ಫೋಟೋ ಬೇಡ. ತೆಗೆದಿದ್ದರೆ ಜಾಗದ ಹೆಸರು ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡು ಹಕ್ಕಿಯ ಮೊಟ್ಟೆ ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಶಾಲೆಗೆ ಗೂಡು ಕೊಡುವ ಬದಲು ಮಕ್ಕಳನ್ನೇ ಜಗಲಿಗೆ ಕರೆಸಿ, ದೂರದಿಂದ ತೋರಿಸಿ. ಖಾಲಿ ಗೂಡು ಅಲ್ಲೇ ಇದ್ದರೆ ಅದರ ನಾರು ಇನ್ನೊಂದು ಹಕ್ಕಿಗೆ ಉಪಯೋಗಕ್ಕೆ ಬರುತ್ತದೆ.

ಪಿಕಳಾರಕ್ಕೆ ಕಾವು ಹನ್ನೆರಡು ದಿನದ ಆಸುಪಾಸು, ಮರಿ ಹಾರುವುದಕ್ಕೂ ಹೆಚ್ಚು ಕಡಿಮೆ ಅಷ್ಟೇ. ಈಗ ಮೊಟ್ಟೆಯೋ ಮರಿಯೋ ದೂರದಿಂದಲೇ ತಿಳಿಯಬಹುದು. ಹುಳ ಕಚ್ಚಿಕೊಂಡು ಬರುತ್ತಿದ್ದರೆ ಮರಿ ಆಗಿದೆ. ಆ ಮರ, ಅದರ ಸುತ್ತಿನ ನಾಲ್ಕು ಮರ ಬಿಟ್ಟು ಔಷಧಿ ಹೊಡೆಸಿ. ಮರಿ ಹಾರಿದ ಮೇಲೆ ಅವಕ್ಕೆ ಹೊಡೆದರಾಯಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರನಿಗೆ ಮೊದಲೇ ಮರಕ್ಕೆ ಒಂದು ಬಾಳೆ ಪಟ್ಟೆ ಕಟ್ಟಿ ಗುರುತು ತೋರಿಸಿಬಿಡಿ, ಮೇಲೆ ಹತ್ತಿದ ಮೇಲೆ ಹೇಳಿದರೆ ಕೇಳುವುದಿಲ್ಲ.

ನಮ್ಮಲ್ಲಿ ಇದೇ ತೊಂದರೆ ಮರಗಸಿಯಲ್ಲಿ. ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಕಡಿಸುತ್ತಾರೆ, ಹಕ್ಕಿಗಳ ಗೂಡಿನ ಕಾಲವೂ ಆಗಲೇ. ನಾನು ಮರ ಹತ್ತುವವರ ಜೊತೆ ಮುಂಚಿನ ದಿನ ಸುತ್ತು ಹಾಕಿ ಗೂಡಿದ್ದ ಕೊಂಬೆ ತೋರಿಸುತ್ತೇನೆ. ಈಗ ಅವರೇ ನನಗಿಂತ ಮೊದಲು ಕಂಡು ಹೇಳುತ್ತಾರೆ. ಜಿಗ್ಗು (ಗಿಡಗಂಟಿ) ಸವರುವುದರಲ್ಲೂ ಹಾಗೇ. ತೋಟ ಕನ್ನಡಿ ಹಾಗಿರಬೇಕು ಅಂತ ಹಳ್ಳದ ದಡದ ವಾಟೆ ಬಿದಿರು, ಪೊದೆ ಎಲ್ಲಾ ಬೋಳಿಸುವುದು ನನಗೆ ಸಹಿಸಲಾಗದು. ಬೂದುತಲೆ ಪಿಕಳಾರ ನಮ್ಮ ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಅದು ಗೂಡಿಗೆ ನೆಚ್ಚಿಕೊಂಡಿರುವುದು ಇಂಥ ವಾಟೆ ಹಿಂಡಿಲನ್ನು. ದಡದಲ್ಲಿ ಒಂದು ಪಟ್ಟಿ ಬಿಟ್ಟರೆ ನಮ್ಮ ಫಸಲು ಏನೂ ಕಡಿಮೆಯಾಗುವುದಿಲ್ಲ, ಮಣ್ಣು ಕೂಡ ನಿಲ್ಲುತ್ತದೆ.

ಇನ್ನು ಮತ್ತಿ ಮರ. ದಯವಿಟ್ಟು ಕಡಿಸಬೇಡಿ. ಆ ತೂತುಗಳು ಕುಟ್ರವೋ ಮರಕುಟಿಗವೋ ಕೊರೆದದ್ದು. ಅವು ಬಿಟ್ಟ ಮೇಲೆ ಮಡಿವಾಳ, ಮರಗುಬ್ಬಿಯಂಥ ಸಣ್ಣ ಹಕ್ಕಿಗಳು ಬರುತ್ತವೆ. ಅವುಗಳ ಕೊಕ್ಕಿಗೆ ಹೊಸದಾಗಿ ಕೊರೆಯುವ ಬಲ ಇಲ್ಲ, ಯಾರೋ ಕೊರೆದ ಪೊಟರೆ ಸಿಕ್ಕಿದರೆ ಉಂಟು. ಒಳಗೆ ಹಾವಸೆ, ಕೂದಲು, ಗರಿ ಹಾಸಿ ಮೊಟ್ಟೆ ಇಡುತ್ತವೆ. ಹಸಿ ಮರ ಎಷ್ಟಿದ್ದರೂ ಈ ಕೆಲಸಕ್ಕೆ ಒಣಮರದಷ್ಟು ಆಗುವುದಿಲ್ಲ. ಉರುಳಿ ಯಾರ ಮೇಲಾದರೂ ಬೀಳುವ ಭಯ ಇದ್ದರೆ, ಮಳೆಗಾಲ ಕಳೆದು ಪೊಟರೆಯಲ್ಲಿ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಮೇಲಿನ ಕೊಂಬೆಗಳನ್ನಷ್ಟೇ ಇಳಿಸಿ ಸೌದೆ ಮಾಡಿಕೊಳ್ಳಿ. ಬುಡದಿಂದ ಹನ್ನೆರಡು ಹದಿನೈದು ಅಡಿ ಕಾಂಡ ನಿಲ್ಲಿಸಿಕೊಳ್ಳಿ. ಕುಟ್ರ ಕೊರೆಯಲು ಅಷ್ಟು ಸಾಕು.